ಒಲೆಗೊಂದು ಪಾಲು

ನಮ್ಮ ದೊಡ್ಡಪ್ಪ ಗಿರಮಲ್ಲಪ್ಪನ ಜೊತೆ ಚಹಾ ಕುಡಿಯಲು ಕೂತವರಿಗೆ ತಾಳ್ಮೆ ಇರಬೇಕು. ಒಂದು ಕಪ್ ಚಹಾ ಇಬ್ಬರಿಗೆ ಹಂಚುವುದು ಉಳಿದವರಿಗೆ ಕೆಲಸವೇ ಅಲ್ಲ. ಅವನು ಎರಡು ಬಸಿ ತಟ್ಟೆಗಳನ್ನು ಪಕ್ಕಪಕ್ಕ ಇಟ್ಟು, ಸುರಿದು, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿ, ಇದರಿಂದ ಅದಕ್ಕೆ ನಾಲ್ಕು ಹನಿ ಬಿಟ್ಟು, ಮತ್ತೆ ಬಗ್ಗಿ ನೋಡುತ್ತಾನೆ.

"ದೊಡ್ಡಪ್ಪಾ, ಚಾ ಆರತೈತಿ," ಎಂದರೆ, "ಇಬ್ಬರದೂ ಆರತೈತಿ, ತಗೋ," ಎಂದು ಬಸಿ ಮುಂದೆ ನೂಕುತ್ತಾನೆ. ನನಗೆ ಬಿಸಿ ಚಹಾ ಬೇಕು. ಆದ್ದರಿಂದ ಅವನ ಮನೆಗೆ ಹೋಗುವಾಗ ನಾನು ಕುಡಿದೇ ಹೋಗುತ್ತೇನೆ.

ಗಲಗಲಿಯಿಂದ ಸ್ವಲ್ಪ ಮುಂದೆ, ಕೃಷ್ಣೆಯ ದಂಡೆಗೆ ನಮ್ಮೂರು. ಊರ ಕೊನೆಯ ಓಣಿ ನಮ್ಮದು. ಅಲ್ಲಿರುವವರೆಲ್ಲ ಬೀರಪ್ಪ ದೇವರ ಒಕ್ಕಲು, ಒಂದು ಕಾಲು ಕುರಿಹಟ್ಟಿಯಲ್ಲಿ, ಇನ್ನೊಂದು ಕಾಲು ಕಬ್ಬಿನ ಗದ್ದೆಯಲ್ಲಿ ಇಟ್ಟುಕೊಂಡು ಬದುಕುವವರು. ದೊಡ್ಡಪ್ಪನೂ ಹಾಗೇ ಬದುಕಿದವನು. ಆದರೆ ಸುತ್ತಲಿನ ಊರುಗಳಲ್ಲಿ ಅವನ ಹೆಸರು ಗೊತ್ತಿರುವುದು ಕುರಿಯಿಂದಲೂ ಅಲ್ಲ, ಕಬ್ಬಿನಿಂದಲೂ ಅಲ್ಲ. ಅವನು ಪಾಲು ಹಾಕುವವನು. ಅಣ್ಣತಮ್ಮಂದಿರು ಬೇರೆಯಾಗುವಾಗ, ರಾಶಿ ಹಂಚಿಕೊಳ್ಳುವಾಗ, ಹಳೆ ಮನೆಯ ನಡುವೆ ಗೋಡೆ ಎಬ್ಬಿಸುವಾಗ ಜನ ಅವನನ್ನು ಕರೆಯುತ್ತಾರೆ.

ಒಮ್ಮೆ ಜಮಖಂಡಿ ಕಡೆಯ ಊರೊಂದರಿಂದ ಮೂವರು ಅಣ್ಣತಮ್ಮಂದಿರು ಅವನನ್ನು ಕರೆದುಕೊಂಡು ಹೋಗಿದ್ದರು. ಹಿಂದೆ ಕೂರಲು ಜಾಗ ಇತ್ತೆಂದು ನಾನೂ ಜೀಪು ಹತ್ತಿದೆ. ಅವರ ಹೊಲಕ್ಕೆ ಮೂರೇ ಮೂಲೆ. ಒಂದು ಮೂಲೆಯಲ್ಲಿ ಬಾವಿ, ಅದರ ಎದುರಿನ ಬದಿಗೆ ಉದ್ದಕ್ಕೆ ಹಾದಿ. ಅವರು ಹಾದಿಗೆ ಸರಿಯಾಗಿ ಅಡ್ಡಡ್ಡ ಪಟ್ಟಿ ಎಳೆದು ನೋಡಿದ್ದರು. ಹಾಗೆ ಎಳೆದರೆ ಒಬ್ಬನಿಗಷ್ಟೇ ಬಾವಿ ಸಿಗುತ್ತದೆ, ಉಳಿದಿಬ್ಬರು ಅವನ ಮುಖ ನೋಡಬೇಕು. ಜಗಳ ನ್ಯಾಯಾಲಯದ ಮೆಟ್ಟಿಲವರೆಗೆ ಹೋಗಿ ನಿಂತಿತ್ತು. ದೊಡ್ಡಪ್ಪ ಬದುವಿನ ಮೇಲೆ ಕೂತು ಎಲೆ-ಅಡಿಕೆ ಹಾಕಿಕೊಂಡ. ಆಮೇಲೆ ಹಾದಿಯ ಬದಿಯಷ್ಟು ಉದ್ದದ ಹಗ್ಗ ತರಿಸಿದ. ಎರಡು ಪಾಲಾದರೆ ಹಗ್ಗದ ತುದಿಗೆ ತುದಿ ಕೂಡಿಸಿದರೆ ಸಾಕು. ಮೂರಕ್ಕೆ ಹಾಗೆ ಆಗುವುದಿಲ್ಲ. ಅವನು ಹಗ್ಗವನ್ನು ಹೋಗಿ ಬಂದು ಮತ್ತೆ ಹೋಗುವ ಹಾಗೆ ಮಡಚಿ, ಮೂರೂ ಎಳೆ ಸಮ ಬರುವವರೆಗೆ ಜಗ್ಗಿ, ಮಡಿಕೆ ಬಂದಲ್ಲಿ ಗಂಟು ಹಾಕಿದ. ಗಂಟು ಬಂದಲ್ಲೆಲ್ಲ ಹಾದಿಯ ಬದಿಗೆ ಗೂಟ ಹೊಡೆದ. ಪ್ರತಿ ಗೂಟದಿಂದ ನೇರ ಬಾವಿಯ ಮೂಲೆಗೆ ಗೆರೆ ಎಳೆಸಿದ.

ಮೂರೂ ಪಾಲು ಸಮ. ಮೂರಕ್ಕೂ ಹಾದಿ ಉಂಟು, ಮೂರೂ ಬಾವಿಯನ್ನು ಮುಟ್ಟುತ್ತವೆ. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವರ್ಷಗಟ್ಟಲೆ ಜಗಳವಾಡಿದ್ದು ಇಷ್ಟಕ್ಕೇನಾ ಎಂದು ಅವರಿಗೇ ನಾಚಿಕೆಯಾಗಿರಬೇಕು. ಊಟಕ್ಕೆ ಹೋಳಿಗೆ ಮಾಡಿಸಿದ್ದರು, ತುಪ್ಪ ಧಾರಾಳವಾಗಿತ್ತು.

ಅವನ ಸ್ವಂತ ಪಾಲಿನ ಕಥೆಯೂ ಓಣಿಗೆಲ್ಲ ಗೊತ್ತು. ಅವನೂ ಅವನ ತಮ್ಮ ಅಮಸಿದ್ದಪ್ಪನೂ ಬೇರೆಯಾದಾಗ ಕುರಿಹಿಂಡನ್ನು ಎರಡು ಮಾಡಬೇಕಿತ್ತು. ಅಮಸಿದ್ದಪ್ಪ ಎಂದರೆ ನಮ್ಮಪ್ಪ. ದೊಡ್ಡಪ್ಪ ಒಂದೇ ತರಹದ ಎರಡು ಕುರಿ ಹುಡುಕಿ ಒಂದನ್ನು ಅತ್ತ, ಒಂದನ್ನು ಇತ್ತ ಬಿಡುತ್ತ ಹೋದ. ಗಬ್ಬದ ಕುರಿಗೆ ಗಬ್ಬದ ಕುರಿ, ಕುಂಟುವ ಕುರಿಗೆ ಹಲ್ಲು ಹೋದ ಕುರಿ. ಕೊನೆಗೆ ಒಂದು ಮರಿ ಜೋಡಿಯಿಲ್ಲದೆ ಉಳಿಯಿತು. ಅದನ್ನು ಇಬ್ಬರೂ ತೆಗೆದುಕೊಳ್ಳದೆ ಓಣಿಗೆ ಬಿಟ್ಟರು. ಹಿಂಡು ಎರಡಾದ ಮೇಲೆ ನಮ್ಮಪ್ಪನಿಗೆ, "ನೀ ಮೊದಲ ಆರಿಸ್ಕೋ," ಎಂದ. ಅಪ್ಪ ಯಾವ ಹಿಂಡನ್ನು ಆರಿಸಿದನೋ ಅದರಲ್ಲಿ ಆ ವರ್ಷ ಅವಳಿ ಮರಿಗಳು ಬಿದ್ದವು. ದೊಡ್ಡವ್ವ ಸಾತವ್ವ ಇಂದಿಗೂ ನಮ್ಮ ಹಟ್ಟಿಯ ಮುಂದೆ ಹಾದುಹೋಗುವಾಗ ಆ ಮಾತು ಎತ್ತುತ್ತಾಳೆ. ದೊಡ್ಡಪ್ಪ ಮಾತ್ರ ಒಮ್ಮೆಯೂ ಎತ್ತಿಲ್ಲ.

ಇಂಥವನಿಗೆ ತನ್ನ ಒಬ್ಬಳೇ ಮಗಳು ರಂಜನಾಳ ಪಾಲು ಹಾಕಲು ಆಗಲಿಲ್ಲ. ಅದನ್ನೇ ನಾನು ಹೇಳಹೊರಟಿದ್ದು.

ದೀಪಾವಳಿಯ ಪಾಡ್ಯದ ದಿನ ನಮ್ಮ ಓಣಿಯಲ್ಲಿ ಬೀರಪ್ಪನಿಗೆ ಹೋಳಿಗೆ ಎಡೆ. ಮರುದಿನ ಕರಿ. ಕರಿಯ ದಿನ ಓಣಿಯ ಟಗರನ್ನು ಕಡಿಯುತ್ತಾರೆ. ಆ ಟಗರು ಒಬ್ಬರದಲ್ಲ. ವರ್ಷವಿಡೀ ಒಂದೊಂದು ವಾರ ಒಂದೊಂದು ಮನೆಯ ಮುಂದೆ ಕಟ್ಟಿರುತ್ತದೆ, ಪಾಳಿ ಬಂದ ಮನೆಯವರು ಮೇವು-ನೀರು ನೋಡುತ್ತಾರೆ. ಕಡಿದ ಮೇಲೆ ಒಲೆಗೊಂದು ಪಾಲು. ಮನೆಯಲ್ಲಿ ಹತ್ತು ಜನ ಇರಲಿ, ಇಬ್ಬರೇ ಇರಲಿ, ಒಲೆ ಒಂದಾದರೆ ಪಾಲು ಒಂದು. ಈಗ ಎಲ್ಲರ ಮನೆಯಲ್ಲೂ ಗ್ಯಾಸು ಬಂದಿದೆ. ಆದರೂ ಲೆಕ್ಕ ಒಲೆಯದೇ.

ಅದಕ್ಕೊಂದು ಕ್ರಮ ಇದೆ. ನಮ್ಮ ಮನೆ ಮುಂದಿನ ಬೇವಿನ ಮರದ ಕೆಳಗೆ ತಾಡಪತ್ರಿ ಹಾಸಿ, ಮೇಲೆ ಬಾಳೆಎಲೆ ಹರಡುತ್ತಾರೆ. ದೊಡ್ಡಪ್ಪ ಗುಡ್ಡೆ ಹಾಕುತ್ತಾನೆ. ಹೆಸರು ಹೇಳುವವನು ಓಣಿಯ ಹಿರಿಯ ಮುತ್ತಣ್ಣ, ಅವನು ಗುಡ್ಡೆಗಳಿಗೆ ಬೆನ್ನು ತಿರುಗಿಸಿ ಗೋಡೆ ನೋಡುತ್ತ ಕೂಡಬೇಕು. ದೊಡ್ಡಪ್ಪ ಬೇವಿನ ಕಡ್ಡಿಯಿಂದ ಒಂದು ಗುಡ್ಡೆ ಮುಟ್ಟಿ, "ಇದು ಯಾರದು?" ಎನ್ನುತ್ತಾನೆ. ಮುತ್ತಣ್ಣ ತನಗೆ ತೋಚಿದ ಹೆಸರು ಹೇಳುತ್ತಾನೆ. ಯಾವ ಗುಡ್ಡೆಗೆ ಯಾರ ಹೆಸರು ಬಿತ್ತೋ ಅದು ಅವರದು. ಪಾಲು ಹಾಕಿದವನು ಹೆಸರು ಹೇಳುವಂತಿಲ್ಲ, ಹೆಸರು ಹೇಳುವವನು ಪಾಲು ನೋಡುವಂತಿಲ್ಲ. ಎಲ್ಲ ಗುಡ್ಡೆಗೂ ಹೆಸರು ಬೀಳುವವರೆಗೆ ಯಾರೂ ತಮ್ಮದನ್ನು ಎತ್ತುವಂತಿಲ್ಲ. ಎಲ್ಲರ ಹೆಸರು ಮುಗಿದು ಕೊನೆಗೆ ಉಳಿದದ್ದು ಹಾಕಿದವನ ಪಾಲು.

ನಮ್ಮ ಓಣಿಯಲ್ಲಿ ಹದಿನಾರು ಒಲೆ ಇದ್ದ ಕಾಲಕ್ಕೆ ದೊಡ್ಡಪ್ಪ ಸಿಳ್ಳೆ ಹಾಕುತ್ತ ಪಾಲು ಹಾಕುತ್ತಿದ್ದ. ಒಂದನ್ನು ಎರಡು, ಎರಡನ್ನು ನಾಲ್ಕು, ನಾಲ್ಕನ್ನು ಎಂಟು, ಎಂಟನ್ನು ಹದಿನಾರು. ಧರೆಪ್ಪನ ಮಕ್ಕಳು ಬೇರೆಯಾಗಿ ಹದಿನೇಳು ಒಲೆಯಾದವು ನೋಡಿ, ಸಿಳ್ಳೆ ನಿಂತುಹೋಯಿತು. "ಹದಿನೇಳು ಅಂದ್ರ ಮೊಂಡ ಎತ್ತಿದ್ದಂಗ. ಎರಡಕ್ಕೂ ಬರೂದಿಲ್ಲ, ಮೂರಕ್ಕೂ ಬರೂದಿಲ್ಲ," ಎಂದು ಬೈದುಕೊಳ್ಳುತ್ತಿದ್ದ. ಕೊನೆಗೆ ಒಂದು ಉಪಾಯ ಕಂಡುಕೊಂಡ. ಎಂದಿನಂತೆ ಹದಿನಾರು ಗುಡ್ಡೆ ಮಾಡುವುದು. ಆಮೇಲೆ ಪ್ರತಿ ಗುಡ್ಡೆಯಿಂದ ಒಂದೊಂದು ಸಣ್ಣ ತುಣುಕು ತೆಗೆದು ಬೇರೆ ಎಲೆಯ ಮೇಲೆ ಇಡುವುದು. ಆ ಹದಿನಾರು ತುಣುಕು ಕೂಡಿ ಹದಿನೇಳನೆಯ ಗುಡ್ಡೆ. ಅದನ್ನು ತಾನು ಇಟ್ಟುಕೊಳ್ಳುತ್ತಿದ್ದ. ಖಂಡವನ್ನು ಬೇರೆ, ಎಲುಬನ್ನು ಬೇರೆ, ಕಾಳಿಜ ಅಂದರೆ ಲಿವರನ್ನು ಬೇರೆ, ಹೀಗೆ ಒಂದೊಂದನ್ನೂ ಹಂಚುವುದರಲ್ಲಿ ಹೊತ್ತು ನೆತ್ತಿಗೆ ಬರುತ್ತಿತ್ತು. ಹಸಿದು ಕೂತ ಗಂಡಸರು ಗೊಣಗುತ್ತಿದ್ದರು. ಹಿಟ್ಟು ನಾದಿಟ್ಟು ಕೂತ ನಾವು ಅವರಿಗಿಂತ ಹೆಚ್ಚು ಗೊಣಗುತ್ತಿದ್ದೆವು.

ಇನ್ನು ರಂಜನಾ. ಅವಳೂ ನಾನೂ ಒಂದೇ ವಾರಿಗೆಯವರು. ನನ್ನನ್ನು ಇದೇ ಓಣಿಯಲ್ಲಿ ಕೊಟ್ಟರು, ಅವಳನ್ನು ಮುಧೋಳಕ್ಕೆ ಕೊಟ್ಟರು. ಗಂಡ ಯುವರಾಜ ಕುಡುಕನಲ್ಲ, ಹೊಡೆಯುವವನೂ ಅಲ್ಲ. ಆದರೆ ಆ ಮನೆಯಲ್ಲಿ ಅವಳನ್ನು ಕೇಳಿ ಯಾರೂ ಏನೂ ಮಾಡುತ್ತಿರಲಿಲ್ಲ. ಅವಳ ಮೈಯ ಬಂಗಾರ ಹೋದದ್ದೂ, ಅವಳ ಆಡು ಮಾರಾಟವಾದದ್ದೂ ಅವಳಿಗೆ ಗೊತ್ತಾಗುತ್ತಿದ್ದದ್ದು ಆಮೇಲೆ. ಕೆಲವು ವರ್ಷ ನೋಡಿ, ಒಂದು ದಿನ ಬಟ್ಟೆಯ ಚೀಲ ಹಿಡಿದುಕೊಂಡು ಬಂದುಬಿಟ್ಟಳು. ತಿಂಗಳೊಪ್ಪತ್ತು ತಂದೆಯ ಮನೆಯಲ್ಲಿದ್ದಳು. ಆಮೇಲೆ ನಮ್ಮ ಹಿತ್ತಲಿನ ಕೋಣೆ ಕೇಳಿದಳು, ಮೊದಲು ಕುರಿಮರಿ ಕೂಡಿಹಾಕುತ್ತಿದ್ದ ಕೋಣೆ. ಸಾರಿಸಿ, ಸುಣ್ಣ ಬಳಿದು, ಒಲೆ ಹೂಡಿದಳು.

"ಯಾಕ ಬೇ, ಅಪ್ಪನ ಮನಿ ಸಣ್ಣದಾತೇನ?" ಎಂದು ನಾನು ಕೇಳಿದ್ದೆ.

"ಅಲ್ಲಿ ಇದ್ರ ನಾ ಬಂದಾಕಿ, ಮಾಲಾ. ಇಲ್ಲಿ ಇದ್ರ ಇದ್ದಾಕಿ," ಎಂದಳು.

ವಾರಕ್ಕೊಮ್ಮೆ ಬನಹಟ್ಟಿಗೆ ಹೋಗಿ ಸೀರೆಗಳ ಗಂಟು ತರುತ್ತಾಳೆ. ಫಾಲ್ ಹಚ್ಚುತ್ತಾಳೆ, ಸೆರಗಿಗೆ ಗೊಂಡೆ ಕಟ್ಟುತ್ತಾಳೆ. ಸೆರಗಿನ ಎಳೆಗಳನ್ನು ಅವಳು ಬೆರಳಲ್ಲಿ ಸಮ ಸಮ ಬಿಡಿಸುವುದನ್ನು ನೋಡಿದರೆ ಯಾರ ಮಗಳು ಎಂದು ಕೇಳಬೇಕಾಗಿಲ್ಲ. ಅವಳು ಯಾರಿಗೂ ಭಾರವಾಗಿರಲಿಲ್ಲ.

ಹೋದ ವರ್ಷ ಕರಿಯ ದಿನ ಅವಳು ಬೋಗುಣಿ ತೊಳೆದುಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ನಿಂತಳು. ಒಲೆಗೊಂದು ಪಾಲು ಎಂದ ಮೇಲೆ ತನಗೂ ಒಂದು ಇದ್ದೇ ಇರುತ್ತದೆ ಎಂದುಕೊಂಡಿದ್ದಳು, ಪಾಪ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಮುತ್ತಣ್ಣ ಹೆಸರು ಹೇಳುತ್ತ ಹೋದ. ಒಬ್ಬೊಬ್ಬರದೇ ಹೆಸರು ಬಿತ್ತು. ಕೊನೆಗೆ ದೊಡ್ಡಪ್ಪನ ಗುಡ್ಡೆ ಒಂದೇ ಉಳಿಯಿತು. ಗಂಡಸರು ಎದ್ದು ತಮ್ಮ ತಮ್ಮ ಪಾಲು ತುಂಬಿಕೊಳ್ಳತೊಡಗಿದರು. ರಂಜನಾ ಬೋಗುಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೋದಳು.

ಸ್ವಲ್ಪ ಹೊತ್ತಿಗೆ ದೊಡ್ಡವ್ವ ತಮ್ಮ ಪಾಲಿನ ಅರ್ಧ ತಂದು ಅವಳ ಬಾಗಿಲಲ್ಲಿ ಇಟ್ಟಳು. ರಂಜನಾ ಮುಟ್ಟಲಿಲ್ಲ.

"ನಾ ಹಸದಿಲ್ಲ ಅವ್ವಾ. ಅಪ್ಪನ ಪಾಲ ನನಗ ಬ್ಯಾಡ. ನಂದು ಎಲ್ಲೈತಿ, ಅದನ್ನ ಕೊಡ್ರಿ," ಎಂದಳು. ದೊಡ್ಡವ್ವ ಅಳುತ್ತ ಪಾತ್ರೆ ವಾಪಸು ಒಯ್ದಳು.

ನನಗೆ ಸಿಟ್ಟು ತಡೆಯುವುದು ಗೊತ್ತಿಲ್ಲ. ಮರುದಿನವೇ ಮುತ್ತಣ್ಣನನ್ನು ಹಾದಿಯಲ್ಲಿ ನಿಲ್ಲಿಸಿ ಕೇಳಿದೆ. "ಕಾಕಾ, ರಂಜನಾನ ಹೆಸರು ಯಾಕ ಬಿಟ್ರಿ?"

"ಅಕಿ ಪಾಲು ಗಂಡನ ಊರಾಗ ಇರತೈತಿ ತಂಗಿ," ಎಂದ ಅವನು. ಅವನ ದನಿಯಲ್ಲಿ ಕೊಂಕೇನೂ ಇರಲಿಲ್ಲ, ಅದೇ ನನಗೆ ಮತ್ತಷ್ಟು ಸಿಟ್ಟು ತರಿಸಿತು. "ಇಲ್ಲಿ ಹೆಸರು ಹೇಳಿದ್ರ ಅಲ್ಲಿ ಅಕಿ ಹೆಸರು ಅಳಿಸಿದಂಗ ಆತು. ನಾಳೆ ಯುವರಾಜ ಕರಿಯಾಕ ಬಂದ್ರ? ಹಾದಿ ನಾವಾಗೇ ಮುಚ್ಚೂದು ಬ್ಯಾಡ."

"ಅಂವ ಕರಿಯಾಕ ಬಂದಾನೇನ?"

"ಬಂದಿಲ್ಲ. ಬಂದ್ರ ಅಂತ ಹೇಳಾಕತ್ತೇನಿ."

ಮುಧೋಳದಲ್ಲಿ ಯಾರೂ ಅವಳ ಪಾಲು ಎತ್ತಿಟ್ಟಿರಲಿಲ್ಲ ಎನ್ನುವುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ.

ದೊಡ್ಡಪ್ಪನ ಬಳಿ ಹೋದೆ. ಅವನು ಹಟ್ಟಿಯಲ್ಲಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದ, ಸಮ ಸಮ ಗೊಂಚಲು ಮಾಡಿ. ಅದನ್ನು ನೋಡಿ ನನ್ನ ಮೈ ಉರಿಯಿತು.

"ಆಡಿನ ಮರಿಗೆ ಒಂದ ಎಲಿ ಹೆಚ್ಚು-ಕಡಿಮಿ ಆಗಬಾರದು ನಿನಗ. ಮಗಳಿಗೆ ಪಾಲೇ ಇಲ್ಲ," ಎಂದೆ.

ಅವನು ಸೊಪ್ಪು ಕೆಳಗಿಟ್ಟ. "ಅಕಿ ನನ್ನ ಮಗಳು. ಅದ ತ್ರಾಸ. ಬ್ಯಾರೆದವ್ರ ಮಗಳಾಗಿದ್ರ ಎದ್ದ ನಿಂತ ಕೇಳತಿದ್ನಿ. ನನ್ನ ಮಗಳಿಗೆ ನಾನ ಒಂದ ಗುಡ್ಡಿ ಹೆಚ್ಚ ಹಾಕಿದ್ರ, ತನ್ನ ಮನಿಗೆ ಎರಡ ಪಾಲ ಹಾಕ್ಕೊಂಡ ಅಂತಾರ. ಆಮ್ಯಾಲ ನನ್ನ ಕೈಯಾಗಿನ ಪಾಲ ಯಾರ ನಂಬತಾರ?"

"ಹಂಗಾರ ಹೆಸರರೆ ಹೇಳು."

"ಹಾಕಾಂವ ಹೇಳೂ ಹಂಗಿಲ್ಲ. ನಿನಗ ಗೊತ್ತಿಲ್ಲೇನ?"

ಗೊತ್ತಿತ್ತು. ಅವನ ಬಾಳೆಲ್ಲ ಆ ಒಂದು ನಂಬಿಕೆಯ ಮೇಲೆ ನಿಂತಿತ್ತು. ಆದರೂ ಅವನ ಮೇಲೆ ನನಗೆ ಕನಿಕರಕ್ಕಿಂತ ಸಿಟ್ಟೇ ಹೆಚ್ಚು ಬಂತು. ಎದ್ದು ಬಂದೆ.

ವರ್ಷ ಉರುಳಿತು. ಹೊಸ ಟಗರು ಮನೆಯಿಂದ ಮನೆಗೆ ಹೋಗತೊಡಗಿತು. ರಂಜನಾ ತನಗೂ ಒಂದು ಪಾಳಿ ಕೊಡಿ ಎಂದು ಕೇಳಿದಳು. ಮುತ್ತಣ್ಣ "ನೋಡೋಣು" ಎಂದು ಜಾರಿಕೊಂಡ. ಆಗ ನಾನು ನಮ್ಮ ಪಾಳಿ ಬಂದಾಗ ಟಗರಿನ ಹಗ್ಗ ಒಯ್ದು ಅವಳ ಕೋಣೆಯ ಗೂಟಕ್ಕೆ ಕಟ್ಟಿಬಿಟ್ಟೆ. ವಾರವಿಡೀ ಅವಳೇ ಮೇವು ಹಾಕಿದಳು, ಮೈ ತೊಳೆದಳು, ಮೆಕ್ಕೆಜೋಳದ ನುಚ್ಚು ಬೇಯಿಸಿ ಇಟ್ಟಳು. ಟಗರು ನಮ್ಮಲ್ಲಿ ಯಾರನ್ನು ಕಂಡರೂ ತಲೆ ತಗ್ಗಿಸಿ ಹಾಯಲು ಬರುತ್ತಿತ್ತು, ಅವಳನ್ನು ಕಂಡರೆ ಮಾತ್ರ ಕಿವಿ ಆಡಿಸುತ್ತಿತ್ತು.

ಆ ವಾರದಲ್ಲಿ ಒಂದು ಮಧ್ಯಾಹ್ನ ದೊಡ್ಡಪ್ಪ ಟಗರು ನೋಡುವ ನೆಪದಲ್ಲಿ ಹಿತ್ತಲಿಗೆ ಬಂದ. ರಂಜನಾ ಬಾಗಿಲಲ್ಲಿ ಕೂತು ಒಂದು ಹಸಿರು ಸೀರೆಗೆ ಗೊಂಡೆ ಕಟ್ಟುತ್ತಿದ್ದಳು. ನಾನು ಅವಳ ಪಕ್ಕ ಕಾಳು ಆರಿಸುತ್ತಿದ್ದೆ. ತಂದೆ ಟಗರಿನ ಬೆನ್ನು ಸವರಿದ, ಹಲ್ಲು ನೋಡಿದ, ಛಲೋ ಬೆಳದೈತಿ ಎಂದ. ಇನ್ನೇನು ಹೊರಡಬೇಕು ಎನ್ನುವಷ್ಟರಲ್ಲಿ ಮಗಳು ತಲೆ ಎತ್ತದೆ ಕೇಳಿದಳು.

"ಅಪ್ಪಾ, ನಮ್ಮ ಓಣ್ಯಾಗ ಒಲಿ ಎಷ್ಟದಾವು?"

"ಹದಿನೇಳು," ಎಂದ, ಕೇಳಿದ ಕೂಡಲೇ.

"ಇವತ್ತ ಮುಂಜಾನಿ ನಾ ರೊಟ್ಟಿ ಎದರ ಮ್ಯಾಲ ಸುಟ್ಟೆ?"

ದೊಡ್ಡಪ್ಪ ಅವಳ ಕೋಣೆಯ ಒಳಗೆ ನೋಡಿದ. ಮೂಲೆಯಲ್ಲಿ ಮಣ್ಣಿನ ಒಲೆ, ಅದರ ಮೇಲೆ ಕವುಚಿ ಹಾಕಿದ ಹಂಚು, ಪಕ್ಕದಲ್ಲಿ ಸಣ್ಣ ಗ್ಯಾಸು.

"ತಪ್ಪ ಎಣಿಸಿದಿ ನೋಡಪ್ಪಾ," ಎಂದು ರಂಜನಾ ಮತ್ತೆ ಎಳೆ ಬಿಡಿಸತೊಡಗಿದಳು. ದನಿ ಏರಿಸಲಿಲ್ಲ, ಕಣ್ಣೀರು ಹಾಕಲಿಲ್ಲ.

ನಿನ್ನ ಹೊಲ ಕಡಿಮೆ, ನಿನ್ನ ಹಿಂಡು ಕಡಿಮೆ ಎಂದರೆ ನಕ್ಕುಬಿಡುವ ಮನುಷ್ಯ. ಎಣಿಕೆ ತಪ್ಪಿತು ಎಂದು ಅವನಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಅವನ ಮುಖ ಇಳಿದುಹೋಯಿತು. ಅಂದು ಊಟಕ್ಕೆ ಕೂತವನು ರೊಟ್ಟಿ ಮುರಿದು ಹಾಗೇ ಬಿಟ್ಟು ಎದ್ದನಂತೆ, ದೊಡ್ಡವ್ವ ನನ್ನ ಮೇಲೆ ಹರಿಹಾಯ್ದಳು, ನಾನೇ ಏನೋ ಅಂದಿರಬೇಕು ಎಂದು. ಅವಳಿಗೂ ಮುತ್ತಣ್ಣನ ಹಾಗೆ ಮಗಳು ಇಂದಲ್ಲ ನಾಳೆ ಮುಧೋಳಕ್ಕೆ ಹೋಗುತ್ತಾಳೆ ಎನ್ನುವ ಆಸೆ. ಅವಳ ಜೊತೆ ನಾನು ವಾದಿಸಲು ಹೋಗಲಿಲ್ಲ.

ಈ ವರ್ಷದ ಕರಿ ಬಂತು. ಬೆಳಿಗ್ಗೆ ನಾನು ಓಣಿ ಕಾಣುವ ಹಿತ್ತಲ ಮೂಲೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ದೊಡ್ಡಪ್ಪ ಓಣಿಯ ಆ ತುದಿಯಿಂದ ಒಂದೊಂದೇ ಮನೆಯ ಮುಂದೆ ನಿಂತು ನಿಂತು ಬರುತ್ತಿರುವುದು ಕಂಡಿತು. ಯಾರನ್ನೂ ಮಾತಾಡಿಸದೆ ಬೆರಳು ಮಡಚಿ ಎಣಿಸುತ್ತಿದ್ದ. ನಮ್ಮ ಮನೆ ದಾಟಿ ಹಿತ್ತಲಿಗೆ ಬಂದು ರಂಜನಾಳ ಬಾಗಿಲಲ್ಲಿ ನಿಂತ.

"ಚಾ ಐತೇನವಾ?" ಎಂದು ಕೇಳಿದ.

ಅವಳು ಒಲೆ ಹೊತ್ತಿಸಿದಳು. ಗ್ಯಾಸಿತ್ತು, ಆದರೂ ಮಣ್ಣಿನ ಒಲೆಯನ್ನೇ ಹೊತ್ತಿಸಿದಳು. ಅವನು ಹೊಸ್ತಿಲ ಮೇಲೆ ಕೂತು ಕುಡಿದ, ಬಿಸಿ ಬಿಸಿಯಾಗಿಯೇ. ಕಪ್ಪು ತೊಳೆದು ಕೆಳಗಿಟ್ಟು, "ಬೋಗುಣಿ ತೊಗೊಂಡ ಬಾ," ಎಂದಷ್ಟೇ ಹೇಳಿ ಹೋದ.

"ಹೋದ ವರ್ಷನೂ ತಂದಿದ್ದೆ," ಎಂದಳು ರಂಜನಾ, ನನ್ನ ಕಡೆ ನೋಡಿ. ಬರುವುದೋ ಬಿಡುವುದೋ ಅವಳಿಗೆ ತಿಳಿಯಲಿಲ್ಲ. ನಾನು ಅವಳ ರಟ್ಟೆ ಹಿಡಿದು ಕಟ್ಟೆಗೆ ಎಳೆದುಕೊಂಡು ಬಂದೆ.

ಗಂಡಸರು ಬೇವಿನ ಮರದ ಸುತ್ತ ಕೂತಿದ್ದರು. ಕಬ್ಬು ಕಡಿಯುವ ಗ್ಯಾಂಗು ಯಾರ ಹೊಲಕ್ಕೆ ಮೊದಲು ಬರಬೇಕು ಎಂಬ ಮಾತು ನಡೆದಿತ್ತು. ಮುತ್ತಣ್ಣ ಆಗಲೇ ಗೋಡೆಗೆ ಮುಖ ಮಾಡಿ ಕೂತಿದ್ದ. ದೊಡ್ಡಪ್ಪ ಖಂಡವನ್ನೆಲ್ಲ ಒಂದೆಡೆ ಹಾಕಿ ಎರಡು ಮಾಡಿದ. ಅದು ಯಾವಾಗಲೂ ಮಾಡುವುದೇ. ಆಮೇಲೆ ಒಂದು ಗುಡ್ಡೆಯನ್ನು ತೆಗೆದುಕೊಂಡು ಎರಡು ಮಾಡುವ ಬದಲು ಮೂರು ಮಾಡಿದ. ಇನ್ನೊಂದನ್ನೂ ಮೂರು ಮಾಡಿದ.

ಆರು ಗುಡ್ಡೆ. ಅವನು ಒಂದೊಂದನ್ನೂ ಮತ್ತೆ ಮೂರು ಮಾಡುತ್ತ ಹೋದ. ಅವನ ತುಟಿಯಿಂದ ಸಣ್ಣಗೆ ಸಿಳ್ಳೆ ಕೇಳಿಸಿತು, ಅವನಿಗೇ ಗೊತ್ತಿಲ್ಲದ ಹಾಗೆ. ಆರು ಮೂರಲೆ ಎಷ್ಟು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ದೊಡ್ಡವ್ವನೂ ನೋಡಿದಳು. ಅವಳು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒತ್ತಿ ನೋವಾಯಿತು. ಗಂಡಸರ ಕಣ್ಣು ಕಾಳಿಜದ ಮೇಲಿತ್ತು. ಅವರಿಗೆ ಇದೇನೂ ಕಾಣಲಿಲ್ಲ. ಈ ಸಲ ಪಾಲು ಬೇಗ ಆಯಿತಲ್ಲ ಎಂದು ಯಾರೋ ಖುಷಿಪಟ್ಟರು.

ಎಲುಬು, ಚರಬಿ, ಕಾಳಿಜ ಎಲ್ಲ ಬಿದ್ದ ಮೇಲೆ ದೊಡ್ಡಪ್ಪ ಬೇವಿನ ಕಡ್ಡಿ ಎತ್ತಿಕೊಂಡ. "ಇದು ಯಾರದು?"

"ಧರೆಪ್ಪಂದು," ಎಂದ ಮುತ್ತಣ್ಣ ಗೋಡೆಗೆ.

"ಇದು ಯಾರದು?"

"ಅಮಸಿದ್ದಪ್ಪಂದು."

ಹೀಗೆ ಹೆಸರುಗಳು ಬೀಳುತ್ತ ಬಂದವು. ಮುತ್ತಣ್ಣ ತನ್ನ ಹೆಸರನ್ನೂ ಹೇಳಿ, ಬೆರಳು ಮಡಚಿ ಎಣಿಸಿ, "ಆತು. ಉಳದಿದ್ದು ನಿಂದು," ಎಂದು ಏಳಲು ಹೋದ.

"ಕೂಡು. ಇನ್ನೂ ಆಗಿಲ್ಲ," ಎಂದ ದೊಡ್ಡಪ್ಪ. ಎಲೆಯ ಮೇಲೆ ಎರಡು ಗುಡ್ಡೆ ಹೆಸರಿಲ್ಲದೆ ಉಳಿದಿದ್ದವು. ಅವನು ಕಡ್ಡಿಯಿಂದ ಒಂದನ್ನು ಮುಟ್ಟಿದ. "ಇದು ಯಾರದು?"

ಕಬ್ಬಿನ ಮಾತು ನಿಂತಿತು. ಎಲ್ಲರೂ ಗುಡ್ಡೆಗಳನ್ನು ಎಣಿಸತೊಡಗಿದರು. "ಗಿರಮಲ್ಲಣ್ಣ ಎಣಿಕಿ ತಪ್ಪಿದ್ನಲ್ಲೋ," ಎಂದು ಒಬ್ಬರು ಅಂದರು. ವಯಸ್ಸಾಯಿತು ಎಂದು ಇನ್ನೊಬ್ಬರು. ಅವನು ಯಾರ ಕಡೆಗೂ ನೋಡಲಿಲ್ಲ.

"ಹೋದ ವರ್ಷ ತಪ್ಪಿತ್ತು. ಇವತ್ತ ಸರಿ ಐತಿ. ಮುತ್ತಣ್ಣ, ಇದು ಯಾರದು?"

ಮುತ್ತಣ್ಣನಿಗೆ ಅರ್ಥವಾಯಿತು. ಅವನ ಬೆನ್ನು ನೆಟ್ಟಗಾದದ್ದು ನಮಗೆ ಕಟ್ಟೆಯಿಂದಲೇ ಕಂಡಿತು. "ನೀನ ಹೇಳಲಾ," ಎಂದ.

"ಹಾಕಾಂವ ಹೇಳೂ ಹಂಗಿಲ್ಲ. ನೀ ಹೇಳಬೇಕು."

ಯಾರೂ ತಮ್ಮ ಪಾಲು ಎತ್ತುವಂತಿರಲಿಲ್ಲ. ನೊಣ ಬರತೊಡಗಿದವು. ಧರೆಪ್ಪ ಒಂದು ಬೇವಿನ ಟೊಂಗೆ ಹಿಡಿದು ಬೀಸತೊಡಗಿದ. ಮುತ್ತಣ್ಣ "ಯುವರಾಜಂದು," ಎಂದ.

ರಂಜನಾ ನನ್ನ ಪಕ್ಕದಲ್ಲಿ ಬೋಗುಣಿಯನ್ನು ಸೆರಗಿನಡಿಗೆ ಎಳೆದುಕೊಂಡಳು.

"ಯುವರಾಜನ ಒಲಿ ಈ ಓಣ್ಯಾಗಿಲ್ಲ," ಎಂದ ದೊಡ್ಡಪ್ಪ. "ಇದು ಯಾರದು?"

"ಗಿರಮಲ್ಲಪ್ಪನ ಮಗಳದು."

"ಗಿರಮಲ್ಲಪ್ಪಂದು ಬ್ಯಾರೆ ಐತಿ. ಇಲ್ಲೇ ಮಗ್ಗಲದಾಗ ಐತಿ. ಇದು ಯಾರದು?" ಅವನ ದನಿ ಶಾಂತವಾಗಿಯೇ ಇತ್ತು, ಹಿಂದಿನ ಹದಿನಾರು ಸಲ ಕೇಳಿದ ಹಾಗೆಯೇ ಕೇಳಿದ. ಅವನು ಈ ಓಣಿಯಲ್ಲಿ ಇನ್ನು ಮುಂದೆ ಪಾಲು ಹಾಕುವುದೋ ಇಲ್ಲವೋ ಅನ್ನುವುದೂ ಆ ಒಂದು ಉತ್ತರದ ಮೇಲೆ ನಿಂತಿತ್ತು, ಅದು ಅವನಿಗೂ ಗೊತ್ತಿತ್ತು. ವರ್ಷವಿಡೀ ಅವನ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ಅಲ್ಲಿಗೆ ಇಳಿದುಹೋಯಿತು.

ಆಗ ದೊಡ್ಡವ್ವ ನನ್ನ ಕೈ ಬಿಟ್ಟಳು. ಕಟ್ಟೆಯ ತುದಿಗೆ ಬಂದು, ಗಂಡಸರ ನಡುವೆ ಎಂದೂ ಮಾತಾಡದವಳು, "ಮುತ್ತಣ್ಣ, ಹಾದಿ ಯಾರೂ ಮುಚ್ಚೂದಿಲ್ಲಪಾ. ಅಕಿ ಇಲ್ಲಿ ಇದ್ದಾಳ. ಇದ್ದಾಳ ಅಂತ ಹೇಳು, ಅಷ್ಟ," ಎಂದಳು.

ಮುತ್ತಣ್ಣ ತಲೆಯ ರುಮಾಲು ತೆಗೆದು ಮುಖ ಒರೆಸಿಕೊಂಡ. ಗೋಡೆಯ ಕಡೆಗೇ ಮುಖ ಇತ್ತು.

"ರಂಜನಾಂದು," ಎಂದ.

ರಂಜನಾ ಕಟ್ಟೆ ಇಳಿದಳು. ಗುಡ್ಡೆಯ ಮುಂದೆ ಕೂತು ಮೊದಲು ಅದನ್ನು ನೋಡಿದಳು, ಆಮೇಲೆ ಪಕ್ಕದ ತಂದೆಯ ಗುಡ್ಡೆ ನೋಡಿದಳು, ಮತ್ತೆ ತನ್ನದನ್ನು ನೋಡಿದಳು. ತಂದೆ ತನಗೆ ಒಂದು ತುಣುಕು ಹೆಚ್ಚು ಹಾಕಿದ್ದರೆ ಅವಳು ಬಿಟ್ಟು ಎದ್ದುಹೋಗುತ್ತಿದ್ದಳು, ಅದರಲ್ಲಿ ನನಗೆ ಅನುಮಾನವಿಲ್ಲ. ಹೆಚ್ಚು ಇರಲಿಲ್ಲ, ಕಡಿಮೆಯೂ ಇರಲಿಲ್ಲ. ಅವಳು ಬೋಗುಣಿಗೆ ತುಂಬಿಕೊಂಡು ಎದ್ದಳು. ದೊಡ್ಡಪ್ಪ ಕಡ್ಡಿಯನ್ನು ಪಕ್ಕಕ್ಕೆ ಎಸೆದ, ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡ.

ಗಂಡಸರು ತಮ್ಮ ತಮ್ಮ ಪಾಲು ಎತ್ತಿಕೊಳ್ಳತೊಡಗಿದರು. ಮುತ್ತಣ್ಣ ಎದ್ದು ಈ ಕಡೆ ತಿರುಗಿ ತನ್ನ ಗುಡ್ಡೆಯನ್ನು ಬಗ್ಗಿ ನೋಡಿದ. ಸೋತವನು ಏನಾದರೂ ಅನ್ನಲೇಬೇಕಲ್ಲ.

"ಈ ವರ್ಷ ಎಲ್ಲಾರಿಗೂ ಒಂದೊಂದ ತುಣುಕು ಕಡಿಮಿ ಬಿತ್ತಲ್ಲೋ, ಗಿರಮಲ್ಲಣ್ಣಾ," ಎಂದ.

"ಕಡಿಮಿ ಬಿದ್ದಿಲ್ಲ," ಎಂದ ದೊಡ್ಡಪ್ಪ, ತನ್ನ ಪಾಲನ್ನು ತುಂಬಿಕೊಳ್ಳುತ್ತ. "ಹೋದ ವರ್ಷ ಒಂದೊಂದ ತುಣುಕು ಹೆಚ್ಚ ಬಿದ್ದಿತ್ತು. ಅಕೀದನ್ನ ನಾವೆಲ್ಲಾ ಹಂಚಕೊಂಡ ತಿಂದಿದ್ವಿ. ನಾನೂ ತಿಂದಿದ್ನಿ."

ಮುತ್ತಣ್ಣ ತನ್ನ ಪಾಲು ಎತ್ತಿಕೊಂಡು, ರಂಜನಾ ಹೋಗಲು ದಾರಿ ಬಿಟ್ಟು ಪಕ್ಕಕ್ಕೆ ನಿಂತ.